ಹನ್ನೊಂದು ಹಳೆ ಬಾಗಿಲು, ಒಂದು ಶೆಡ್: ಮೂರು ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಹಳೆ ಬಾಗಿಲುಗಳನ್ನೇ ಗೋಡೆಯಾಗಿ ನಿಲ್ಲಿಸಿ ಸಾಮಾನಿನ ಶೆಡ್ ಕಟ್ಟಬಹುದು. ಚೆನ್ನಾಗಿ ಬಾಳುತ್ತದೆ ಕೂಡ. ಆದರೆ ಎಲ್ಲ ಬಾಗಿಲೂ ಈ ಕೆಲಸಕ್ಕೆ ಬರುವುದಿಲ್ಲ. ನಾನು ಹನ್ನೊಂದು ಬಾಗಿಲು ಹಾಕಿದ್ದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಎಂಟು ಗಟ್ಟಿಯಾಗಿ ಉಳಿದಿವೆ. ಎರಡು ಪೂರ್ತಿ ಹಾಳಾದವು. ಒಂದರ ಕೆಳಭಾಗ ಕತ್ತರಿಸಿ ರಿಪೇರಿ ಮಾಡಬೇಕಾಯಿತು. ಯಾವುದು ಯಾಕೆ ಉಳಿಯಿತು, ಯಾವುದು ಯಾಕೆ ಹೋಯಿತು ಅನ್ನುವುದು ಈಗ ನನಗೆ ಚೆನ್ನಾಗಿ ಗೊತ್ತು. ಕಟ್ಟುವ ಮುಂಚೆಯೇ ಗೊತ್ತಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು. ನೀವೂ ಇಂಥದ್ದೊಂದು ಮಾಡಬೇಕು ಅಂದುಕೊಂಡಿದ್ದರೆ ಅಷ್ಟು ಶ್ರಮ ನಿಮಗೆ ಬೇಡ.

ನಮ್ಮ ಹಿತ್ತಲಲ್ಲಿ ಗುದ್ದಲಿ, ನೀರಿನ ಪೈಪು, ಏಣಿ, ಗೊಬ್ಬರದ ಚೀಲ, ಎರಡು ಸೈಕಲ್, ಎಲ್ಲ ಜಗುಲಿಯ ಮೇಲೇ ಬಿದ್ದಿರುತ್ತಿದ್ದವು. ರೆಡಿ ಸಿಗುವ ತಗಡಿನ ಶೆಡ್ ನೋಡಿ ಬಂದೆ. ಕೈಯಿಂದ ಒತ್ತಿದರೆ ಒಳಗೆ ಹೋಗುವಷ್ಟು ತೆಳು. ಅದೇ ಸಮಯಕ್ಕೆ ಗೊತ್ತಿದ್ದವರ ಹಳೆ ಮನೆ ಕೆಡವುತ್ತಿದ್ದರು. ಬಾಗಿಲುಗಳನ್ನು ಸೌದೆಗೆ ಕೊಡುತ್ತಾರೆ ಅಂತ ಕೇಳಿ ಹೊಟ್ಟೆ ಉರಿಯಿತು. ಏಳು ಬಾಗಿಲು ಅಲ್ಲಿಂದ ತಂದೆ. ಉಳಿದ ನಾಲ್ಕನ್ನು ಹಳೆ ಮರ ಮಾರುವವರಿಂದ ಕೊಂಡೆ.

ಬಾಗಿಲು ಇಳಿಸುವಾಗ ಒಬ್ಬ ವಯಸ್ಸಾದ ಬಡಗಿ ಇದ್ದರು. ನಾನು ಬಾಗಿಲಿನ ಮುಖ ನೋಡುತ್ತಿದ್ದೆ, ಹಲಗೆಯ ಅಂದ, ಹಿಡಿಯ ಕೆತ್ತನೆ ಎಲ್ಲ. ಅವರು, "ಅಕ್ಕಾ, ಮುಖ ಆಮೇಲೆ ನೋಡಿ. ಮೊದಲು ತಲೆಕೆಳಗು ಮಾಡಿ, ಪಾದ ನೋಡಿ" ಅಂದರು. ಬಾಗಿಲಿನ ಕೆಳ ಅಂಚಿಗೆ ಅವರು ಪಾದ ಅನ್ನುತ್ತಿದ್ದರು. ನಾನೂ ಅದನ್ನೇ ಬಳಸುತ್ತೇನೆ, ಯಾಕೆಂದರೆ ಈ ಇಡೀ ವಿಷಯ ನಿಂತಿರುವುದೇ ಆ ಪಾದದ ಮೇಲೆ.

ಹನ್ನೊಂದನ್ನೂ ತಿರುಗಿಸಿ ನೋಡಿದೆವು. ಒಂದಕ್ಕೂ ಕೆಳಗೆ ಬಣ್ಣ ಇರಲಿಲ್ಲ. ಮುಖಕ್ಕೆ ನಾಲ್ಕೈದು ಪದರ ಬಣ್ಣ, ಪಾದಕ್ಕೆ ಬರೀ ಮರ. ಯೋಚಿಸಿದರೆ ಸಹಜ ಅಲ್ವಾ? ತೂಗುಹಾಕಿದ ಬಾಗಿಲಿನ ಅಡಿಗೆ ಬ್ರಷ್ ಹೋಗುವುದಿಲ್ಲ. ಮನೆಯೊಳಗಿದ್ದಾಗ ಅದರಿಂದ ತೊಂದರೆಯೂ ಇಲ್ಲ. ಆದರೆ ಮಳೆಗೆ ನಿಲ್ಲಿಸಿದರೆ ಕಥೆ ಬೇರೆ. ಪ್ಯಾನೆಲ್ ಬಾಗಿಲು ಅಂದರೆ ನಿಲುಪಟ್ಟಿ, ಅಡ್ಡಪಟ್ಟಿಗಳ ಚೌಕಟ್ಟಿನ ನಡುವೆ ಹಲಗೆ ಕೂರಿಸಿದ್ದು. ಅದರ ಎರಡು ಪಕ್ಕದ ನಿಲುಪಟ್ಟಿಗಳ ಎಳೆ ಮೇಲಿಂದ ಕೆಳಕ್ಕೆ ಓಡುತ್ತದೆ. ಆ ಎಳೆಗಳ ಬಾಯಿ ತೆರೆದಿರುವುದು ಪಾದದಲ್ಲಿ. ಹುಲ್ಲಿನ ಕೊಳವೆಗಳ ಕಟ್ಟನ್ನು ನೀರಲ್ಲಿ ನಿಲ್ಲಿಸಿದ ಹಾಗೆ ಅದು ನೀರು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಣ ಮರದ ತೂಕಕ್ಕೆ ಹೋಲಿಸಿದರೆ ನೀರಿನ ಅಂಶ 20 ಶೇಕಡಕ್ಕಿಂತ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ಅದನ್ನು ದಾಟಿ ಜಾಸ್ತಿ ದಿನ ಒದ್ದೆ ಇದ್ದರೆ ಕೊಳೆ ಶುರು. ಪಾದ ಒಣಗಿದ್ದರೆ ಬಾಗಿಲು ಉಳಿಯುತ್ತದೆ.

ನನ್ನ ಹತ್ತಿರ ಇದ್ದದ್ದು ಹೀಗೆ. ಮೂರು ದೊಡ್ಡ ಪ್ಯಾನೆಲ್ ಬಾಗಿಲು, 90 ಸೆಂಟಿಮೀಟರ್ ಅಗಲ. 80ರ ಎರಡು ಪ್ಯಾನೆಲ್, 80ರ ಎರಡು ಫ್ಲಶ್ ಡೋರ್, ಅಂದರೆ ಎರಡೂ ಮುಖ ಸಪಾಟಾಗಿರುವ ಬಾಗಿಲು. 75ರ ಎರಡು ಪ್ಯಾನೆಲ್. ಆಮೇಲೆ ಒಂದು ಜೋಡಿ ಬಾಗಿಲು, ಒಂದೊಂದು ರೆಕ್ಕೆ 60, ಮೇಲ್ಭಾಗದಲ್ಲಿ ಗಾಜು. ನಾನು ಮೊದಲು ಕಾಗದದ ಮೇಲೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ ಅಂತ ಚಂದದ ನಕ್ಷೆ ಬರೆದುಕೊಂಡಿದ್ದೆ. ಅದನ್ನು ಹರಿದು ಹಾಕಿದೆ. ಬಾಗಿಲುಗಳನ್ನು ನೆಲದ ಮೇಲೆ ಮಲಗಿಸಿ ಅಕ್ಕಪಕ್ಕ ಜೋಡಿಸಿ ನೋಡಿದಾಗ ಅಳತೆ ತಾನಾಗಿಯೇ ಬಂತು. ಹಿಂಭಾಗಕ್ಕೆ 90ರ ಮೂರು, ಒಟ್ಟು 270. ಮುಂಭಾಗಕ್ಕೆ ನಡುವೆ ಜೋಡಿ ಬಾಗಿಲು 120, ಆಚೆ ಈಚೆ 75, ಅದೂ 270. ಎರಡು ಪಕ್ಕಕ್ಕೆ 80ರ ಎರಡೆರಡು. ಒಂದು ಬಾಗಿಲನ್ನೂ ಅಗಲದಲ್ಲಿ ಕತ್ತರಿಸಬೇಕಾಗಲಿಲ್ಲ.

ಕತ್ತರಿಸಬಾರದು ಅನ್ನುವುದಕ್ಕೆ ಕಾರಣ ಇದೆ. ಪ್ಯಾನೆಲ್ ಬಾಗಿಲಿನ ಗಟ್ಟಿತನ ಇರುವುದು ನಾಲ್ಕು ಮೂಲೆಗಳಲ್ಲಿ. ಅಡ್ಡಪಟ್ಟಿಯ ತುದಿ ನಿಲುಪಟ್ಟಿಯ ತೂತಿನೊಳಗೆ ಹೊಕ್ಕು ಬಿಗಿಯಾಗಿ ಕೂತಿರುತ್ತದೆ. ಪಕ್ಕದಿಂದ ಹತ್ತು ಸೆಂಟಿಮೀಟರ್ ಕುಯ್ದರೆ ಆ ಜೋಡಣೆಯೇ ಹೋಗುತ್ತದೆ. ಆಮೇಲೆ ಅದು ಬಾಗಿಲಲ್ಲ, ಬಿಡಿ ಹಲಗೆಗಳ ಗುಂಪು.

ಎತ್ತರ ಮಾತ್ರ ಎಲ್ಲವೂ ಒಂದೇ ಇರಲಿಲ್ಲ. ಕೆಲವು 200, ಕೆಲವು 210. ಇಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ ಒಂದನ್ನು ಬಿಟ್ಟು ಉಳಿದೆಲ್ಲದರ ಪಾದವನ್ನು ಒಂದೇ ಸಾಲಿಗೆ ತಂದು, ವ್ಯತ್ಯಾಸವನ್ನು ಮೇಲಕ್ಕೆ ತಳ್ಳಿದ್ದು. ಮೇಲಿನ ಸಂದಿಗೆ ಮಾಡಿನ ನೆರಳಿದೆ, ಮಳೆ ತಾಗುವುದಿಲ್ಲ. ಅಲ್ಲಿ ಕಬ್ಬಿಣದ ಜಾಲರಿ ಹೊಡೆದೆ. ಗಾಳಿಯೂ ಆಡುತ್ತದೆ. ಕೆಳಗೆ ತುಂಡು ಸೇರಿಸಿ ಎತ್ತರ ಸರಿಮಾಡಿದರೆ ಅದೇ ಮೊದಲು ಕೊಳೆಯುವ ಜಾಗ.

ಇನ್ನು ಬಣ್ಣ. ದಯವಿಟ್ಟು ಈ ಭಾಗ ಓದದೆ ಮುಂದೆ ಹೋಗಬೇಡಿ. ಹಳೆ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಬಣ್ಣ ಬೇಗ ಒಣಗಲಿ, ಗಟ್ಟಿ ಹಿಡಿಯಲಿ ಅಂತ ಸೇರಿಸುತ್ತಿದ್ದರು. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಸೇರಿಸುವುದನ್ನು ನಿಲ್ಲಿಸಿದ್ದು 1978ರಲ್ಲಿ. ಭಾರತದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅಂದರೆ ಬಾಗಿಲು ತೀರಾ ಹಳೆಯದಲ್ಲದಿದ್ದರೂ ಅನುಮಾನ ಪಡಬೇಕು. ಇಷ್ಟಿದ್ದರೆ ಅಪಾಯವಿಲ್ಲ ಅನ್ನುವಂಥ ಪ್ರಮಾಣವೇ ಸೀಸಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಸರಿಹೋಗುವುದಿಲ್ಲ.

ನಾನು ಒಣ ಬಣ್ಣವನ್ನು ಉಜ್ಜಲಿಲ್ಲ. ಮೆಷಿನ್ ಹಾಕಲೇ ಇಲ್ಲ, ಅದು ಧೂಳನ್ನು ಹಿತ್ತಲ ತುಂಬ ಹರಡುತ್ತದೆ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಬಾಗಿಲಿಗೆ ನೀರು ಚಿಮುಕಿಸಿ, ಎದ್ದು ನಿಂತ ಬಣ್ಣವನ್ನು ಮಾತ್ರ ಒದ್ದೆ ಇರುವಾಗಲೇ ಕೆರೆದು ತೆಗೆದೆ. ಗಟ್ಟಿಯಾಗಿ ಅಂಟಿಕೊಂಡಿದ್ದನ್ನು ಹಾಗೇ ಬಿಟ್ಟು ಮೇಲೆ ಹೊಸ ಬಣ್ಣ ಹೊಡೆದೆ. ಧೂಳಿಗೆ ಸರಿಯಾದ ಮಾಸ್ಕ್ ಹಾಕಿಕೊಂಡಿದ್ದೆ, ಬಟ್ಟೆಯದ್ದಲ್ಲ. ಕೆರೆದ ಚೂರುಗಳನ್ನು ಪ್ಲಾಸ್ಟಿಕ್ ಸಮೇತ ಸುತ್ತಿ, ಬೇರೆ ಚೀಲದಲ್ಲಿ ಕಟ್ಟಿ, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಟ್ಟೆ. ಸುಡಲಿಲ್ಲ. ಬಣ್ಣ ಹತ್ತಿದ ಮರವನ್ನು ಯಾವತ್ತೂ ಒಲೆಗೆ ಹಾಕಬೇಡಿ. ನಮ್ಮ ತಮ್ಮನ ಮಗಳಿಗೆ ಆಗ ಮೂರು ವರ್ಷ. ಆ ಒಂದು ವಾರ ಅವಳನ್ನು ಹಿತ್ತಲಿಗೆ ಬಿಡಲಿಲ್ಲ.

ಕಟ್ಟಿದ ರೀತಿ ಚುಟುಕಾಗಿ ಹೇಳುತ್ತೇನೆ. ನೆಲದಿಂದ 15 ಸೆಂಟಿಮೀಟರ್ ಎತ್ತರಕ್ಕೆ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ ಮರದ ತೊಲೆ, ನಾಲ್ಕು ಮೂಲೆಗೆ ಕಂಬ, ಮೇಲೆ ಮತ್ತೆ ತೊಲೆ. ನಾಲ್ಕು ಮೂಲೆ ಸರಿ ಇದೆಯೋ ಅಂತ ಎದುರುಬದುರು ಮೂಲೆಗಳ ನಡುವಿನ ಅಳತೆ ನೋಡಿ. ಎರಡೂ ಒಂದೇ ಬಂದರೆ ಸರಿ. ಬಾಗಿಲುಗಳು ಈ ಚೌಕಟ್ಟಿನ ಹೊರಗಡೆಯಿಂದ ಸ್ಕ್ರೂನಲ್ಲಿ ಕೂರುತ್ತವೆ. ಒಂದು ಗಟ್ಟಿ ತೇಗದ ಬಾಗಿಲು 30 ಕಿಲೋ ಹತ್ತಿರ ತೂಗಬಹುದು. ಒಬ್ಬರೇ ಎತ್ತಲು ಹೋಗಬೇಡಿ. ನಮ್ಮ ಮನೆಯವರು ಹಿಡಿದುಕೊಂಡರು, ನಾನು ತಿರುಗಿಸಿದೆ. ಹಳೆ ತೇಗ ಕಲ್ಲಿನಷ್ಟು ಗಟ್ಟಿ. ತೂತು ಕೊರೆಯದೆ ಹಾಕಿದ ಮೊದಲ ಎರಡು ಸ್ಕ್ರೂ ಕುತ್ತಿಗೆಯಲ್ಲೇ ಮುರಿದವು. ಆಮೇಲೆ 5 ಮಿಲಿಮೀಟರ್ ಸ್ಕ್ರೂಗೆ ಮೂರೂವರೆ ಮಿಲಿಮೀಟರ್ ತೂತು ಕೊರೆದು, ಸ್ಕ್ರೂಗೆ ಸ್ವಲ್ಪ ಮೇಣ ಸವರಿ ಹಾಕಿದೆ. ಒಂದೂ ಮುರಿಯಲಿಲ್ಲ. ಕೊರೆಯುವ ಮುಂಚೆ ಒಂದು ಅಯಸ್ಕಾಂತ ಆಡಿಸಿ ನೋಡಿ. ಹಳೆ ಮೊಳೆಗಳು ಬಣ್ಣದ ಕೆಳಗೆ ಅಡಗಿರುತ್ತವೆ.

ಸ್ಕ್ರೂ ಹಾಕುವುದು ಪಟ್ಟಿಗಳಿಗೆ ಮಾತ್ರ. ನಡುವಿನ ಹಲಗೆಗೆ ಬೇಡ. ಪ್ಯಾನೆಲ್ ಬಾಗಿಲು ಮಾಡುವವರು ಹಲಗೆಯನ್ನು ಅಂಟಿಸಿರುವುದಿಲ್ಲ, ಪಟ್ಟಿಯ ಒಳ ಅಂಚಿನಲ್ಲಿ ಕೊರೆದ ಸೀಳಿನೊಳಗೆ ಸಡಿಲವಾಗಿ ಕೂರಿಸಿರುತ್ತಾರೆ. ಒದ್ದೆ ಗಾಳಿಗೆ ಮರ ಅಗಲದಲ್ಲಿ ಊದುತ್ತದೆ, ಒಣ ಗಾಳಿಗೆ ಕುಗ್ಗುತ್ತದೆ. ಉದ್ದದಲ್ಲಿ ಬದಲಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಲಗೆ ಊದಿದರೂ ಕುಗ್ಗಿದರೂ ಒಳಗೇ ಸರಿದಾಡಲಿ, ಬಾಗಿಲಿನ ಅಗಲ ಬದಲಾಗದಿರಲಿ ಅನ್ನುವುದೇ ಆ ವಿನ್ಯಾಸ. ಎಷ್ಟು ಜಾಣತನ ನೋಡಿ. ಹಲಗೆಗೆ ಮೊಳೆ ಹೊಡೆದರೆ ಅದು ಸರಿದಾಡಲಾರದೆ ಸೀಳುತ್ತದೆ.

ಈಗ ಒಂದೊಂದು ಗೋಡೆಯಾಗಿ ನನ್ನ ತೀರ್ಪು.

ಎಡಗಡೆಯ ಎರಡು ಪ್ಯಾನೆಲ್ ಬಾಗಿಲು ಇಡೀ ಶೆಡ್ಡಿನಲ್ಲಿ ಅತ್ಯುತ್ತಮ. ಮೂರು ವರ್ಷಕ್ಕೆ ಬಣ್ಣ ಕೂಡ ಎದ್ದಿಲ್ಲ. ಇವೆರಡಕ್ಕೆ ನಾನು ಎಲ್ಲ ಸರಿಯಾಗಿ ಮಾಡಿದ್ದೆ. ಪಾದಕ್ಕೆ ಅಗಸೆ ಎಣ್ಣೆ, ಅದು ಹೀರಿಕೊಳ್ಳುವುದು ನಿಲ್ಲಿಸುವ ತನಕ, ಒಣಗಿದ ಮೇಲೆ ಮೂರು ಕೋಟು ಬಣ್ಣ. ಆಮೇಲೆ ಬಾಗಿಲನ್ನು ತೊಲೆಯ ಮೇಲೆ ಕೂರಿಸದೆ, ತೊಲೆಗಿಂತ ಎರಡು ಸೆಂಟಿಮೀಟರ್ ಕೆಳಕ್ಕೆ ಇಳಿಯುವ ಹಾಗೆ ಅದರ ಮುಂದೆ ತೂಗುಬಿಟ್ಟೆ. ಇಳಿದು ಬಂದ ನೀರು ಪಾದದಿಂದ ನೇರ ನೆಲಕ್ಕೆ ತೊಟ್ಟಿಕ್ಕುತ್ತದೆ. ನಿಲ್ಲಲು ಅದಕ್ಕೆ ಜಾಗವೇ ಇಲ್ಲ. ಅಗಸೆ ಎಣ್ಣೆ ಬಳಸಿದರೆ ಒಂದು ಎಚ್ಚರ ಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಹಿಂದಿನ ಮೂರು ದೊಡ್ಡ ಬಾಗಿಲು ಗಟ್ಟಿ ಇವೆ, ಆದರೆ ಮೊದಲ ವರ್ಷ ನನ್ನನ್ನು ಹೆದರಿಸಿದವು. ಬೇಸಿಗೆಯಲ್ಲಿ ಕಟ್ಟಿದೆ. ಚಂದ ಕಾಣಲಿ ಅಂತ ಸಂದಿಯೇ ಇಲ್ಲದ ಹಾಗೆ ಒಂದಕ್ಕೊಂದು ಒತ್ತಿ ಕೂರಿಸಿದೆ. ಮಳೆ ಶುರುವಾಗಿ ಮೂರು ವಾರಕ್ಕೆ ನಡುವಿನದು ಹೊಟ್ಟೆ ಉಬ್ಬಿದ ಹಾಗೆ ಹೊರಕ್ಕೆ ಬಂತು. ಹಲಗೆ ಒಳಗೇ ಸರಿದಾಡಿದರೂ ನಿಲುಪಟ್ಟಿಗಳು ಊದುತ್ತವೆ. ಮೂರು ಬಾಗಿಲಿಗೆ ಆರು ಪಟ್ಟಿ. ಒಂದೊಂದು ಒಂದು ಮಿಲಿಮೀಟರ್ ಊದಿದರೂ ಆರು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ನಡುವಿನದನ್ನು ಬಿಚ್ಚಿ, ಪಕ್ಕ ಕೀಸಿ, ಎರಡೂ ಕಡೆ 4 ಮಿಲಿಮೀಟರ್ ಸಂದಿ ಬಿಟ್ಟು ಮತ್ತೆ ಹಾಕಿದೆ. ಸಂದಿಯ ಮೇಲೆ ಒಂದು ತೆಳು ಮರದ ಪಟ್ಟಿ. ಆ ಪಟ್ಟಿಯನ್ನು ಒಂದೇ ಬಾಗಿಲಿಗೆ ಹೊಡೆಯಬೇಕು. ಎರಡಕ್ಕೂ ಹೊಡೆದರೆ ಮತ್ತೆ ಅದೇ ಜಗಳ. ಅವತ್ತಿನಿಂದ ಇವತ್ತಿನವರೆಗೆ ತೊಂದರೆ ಇಲ್ಲ.

ಇವುಗಳಲ್ಲಿ ಒಂದರ ಮೂಲೆಯಲ್ಲಿ, ಬಣ್ಣ ಎದ್ದ ಜಾಗದಲ್ಲಿ, ಉಳಿಯಿಂದ ಹಾಕಿದ ಮೂರು ಗೀಟು ಸಿಕ್ಕಿದವು. ಅಡ್ಡಪಟ್ಟಿಯ ಮೇಲೂ ಮೂರು, ನಿಲುಪಟ್ಟಿಯ ಮೇಲೂ ಮೂರು. ಯಾವ ತುದಿ ಯಾವ ತೂತಿಗೆ ಅಂತ ಮಾಡಿದವರು ಹಾಕಿಕೊಂಡ ಗುರುತು. ಕೈಯಲ್ಲೇ ಎಲ್ಲ ಮಾಡುತ್ತಿದ್ದಾಗ ಒಂದು ಜೋಡಣೆ ಇನ್ನೊಂದಕ್ಕೆ ಸರಿಹೊಂದುತ್ತಿರಲಿಲ್ಲ. ಆ ಮೂಲೆಗೆ ನಾನು ಬಣ್ಣ ಹಾಕಿಲ್ಲ, ಬರೀ ಎಣ್ಣೆ ಸವರಿದ್ದೇನೆ.

ಬಲಗಡೆಯ ಎರಡು ಫ್ಲಶ್ ಡೋರ್‌ಗಳಿಗೆ ಸೊನ್ನೆ ಅಂಕ. ಸುಮ್ನೆ ಹೇಳುತ್ತಿಲ್ಲ. ನೋಡಲು ಇವೇ ಎಲ್ಲಕ್ಕಿಂತ ಹೊಸದಾಗಿದ್ದವು. ನುಣ್ಣಗೆ, ನೇರವಾಗಿ, ಎತ್ತಲು ಹಗುರ. ಹಗುರ ಅನ್ನುವುದೇ ಸೂಚನೆ ಅಂತ ಆಗ ಹೊಳೆಯಲಿಲ್ಲ. ಮಾರಿದವರು ಒಳಗೆ ಗಟ್ಟಿ ಮರ ಇದೆ ಅಂದಿದ್ದರು, ನಂಬಿದೆ. ಬೆರಳಿನ ಗೆಣ್ಣಿನಿಂದ ನಡುವೆ ಬಡಿದು ನೋಡಿದ್ದರೆ ಡೊಳ್ಳು ಶಬ್ದ ಬರುತ್ತಿತ್ತು. ಸುತ್ತ ಒಂದು ತೆಳು ಮರದ ಚೌಕಟ್ಟು, ಎರಡು ಮುಖಕ್ಕೆ ತೆಳು ಪ್ಲೈವುಡ್, ಒಳಗೆ ಜೇನುಗೂಡಿನಂಥ ಕಾಗದ. ಪಾದದಿಂದ ನೀರು ಏರಿತು. ಎರಡನೇ ಮಳೆಗಾಲದಲ್ಲಿ ಪ್ಲೈವುಡ್ ಪುಸ್ತಕದ ಹಾಳೆಯಂತೆ ಪದರ ಬಿಟ್ಟಿತು. ಒಳಾಂಗಣದ ಬಾಗಿಲಿಗೆ ಬಳಸುವ ಅಂಟು ಯೂರಿಯಾ ಜಾತಿಯದು, ನೀರಿಗೆ ತಡೆಯುವುದಿಲ್ಲ. ಹೊರಗಿನ ಬಾಗಿಲಿಗೆ ಫೀನಾಲ್ ಜಾತಿಯ ಅಂಟು ಹಾಕುತ್ತಾರೆ, ಅದು ಕುದಿಯುವ ನೀರಿಗೂ ತಡೆಯುತ್ತದೆ. ಹಳೆ ಬಾಗಿಲಲ್ಲಿ ಯಾವ ಅಂಟಿದೆ ಅಂತ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ನನ್ನ ಮಾತು ನೇರ: ಫ್ಲಶ್ ಡೋರ್ ಸಿಕ್ಕಿದರೆ ಶೆಡ್ಡಿನ ಒಳಗೆ ಶೆಲ್ಫಿಗೋ ಮೇಜಿಗೋ ಬಳಸಿ. ಹೊರಗೋಡೆಗೆ ಬೇಡವೇ ಬೇಡ. ಆ ಎರಡನ್ನೂ ತೆಗೆದು ಬೇರೆ ಪ್ಯಾನೆಲ್ ಬಾಗಿಲು ಹಾಕಿದೆ.

ಮುಂದಿನ 75ರ ಎರಡರಲ್ಲಿ ಒಂದು ಚೆನ್ನಾಗಿದೆ, ಒಂದು ಕೊಳೆಯಿತು. ಮರ ಒಂದೇ, ವಯಸ್ಸು ಒಂದೇ, ಒಂದೇ ಮನೆಯಿಂದ ಬಂದವು. ವ್ಯತ್ಯಾಸ ಪಾದದಲ್ಲಿ. ಕೊಳೆತದ್ದು ಎತ್ತರದಲ್ಲಿ ಸ್ವಲ್ಪ ಕಡಿಮೆ ಇತ್ತು, ತೊಲೆಯ ಮುಂದೆ ಇಳಿಬಿಡುವಷ್ಟು ಉದ್ದ ಸಾಲದು ಅಂತ ತೊಲೆಯ ಮೇಲೇ ಕೂರಿಸಿದ್ದೆ. ಮೇಲೆ ಇನ್ನಷ್ಟು ಜಾಲರಿ ಹಾಕಿ ಬಾಗಿಲನ್ನೇ ಕೆಳಗಿಳಿಸಬಹುದಿತ್ತು. ಅವತ್ತು ಕತ್ತಲಾಗುತ್ತಿತ್ತು, ಇಬ್ಬರಿಗೂ ಸುಸ್ತಾಗಿತ್ತು. ಬಾಗಿಲು ಮತ್ತು ತೊಲೆಯ ನಡುವಿನ ಕೂದಲೆಳೆ ಸಂದಿಯಲ್ಲಿ ನೀರು ನಿಂತು ಒಣಗಲೇ ಇಲ್ಲ. ಮೂರನೇ ವರ್ಷ ಸ್ಕ್ರೂಡ್ರೈವರ್ ಚುಚ್ಚಿದರೆ ಎರಡು ಸೆಂಟಿಮೀಟರ್ ಒಳಗೆ ಹೋಯಿತು. ಕೆಳಗಿನ 12 ಸೆಂಟಿಮೀಟರ್ ಕೊಯ್ದು ತೆಗೆದೆ. ಕೆಳಗಿನ ಅಡ್ಡಪಟ್ಟಿ ಅಗಲ ಇದ್ದದ್ದರಿಂದ ಜೋಡಣೆ ಅರ್ಧ ಉಳಿಯಿತು. ಆ ಜಾಗಕ್ಕೆ ಈಗ ಒಂದು ಸಿಮೆಂಟ್ ಶೀಟಿನ ಪಟ್ಟಿ ಇದೆ.

ಜೋಡಿ ಬಾಗಿಲಿನ ಬಗ್ಗೆ ಖುಷಿಯಿಂದ ಬರೆಯುತ್ತೇನೆ. ದಿನವೂ ತೆಗೆದು ಹಾಕುವುದು ಇದನ್ನೇ. ಎರಡೂ ರೆಕ್ಕೆ ತೆರೆದರೆ 120 ಸೆಂಟಿಮೀಟರ್ ಬಾಯಿ, ಕೈಗಾಡಿ ಸಲೀಸಾಗಿ ಹೋಗುತ್ತದೆ. ಹಳೆ ಕೀಲು ತುಕ್ಕು ಹಿಡಿದಿದ್ದವು, ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದ ಮೇಲೆ ಮತ್ತೆ ಕೆಲಸಕ್ಕೆ ಬಂದವು. ಒಂದೊಂದು ರೆಕ್ಕೆಗೆ ಎರಡರ ಬದಲು ಮೂರು ಕೀಲು ಹಾಕಿದೆ. ಗಾಜನ್ನು ಮಾತ್ರ ತೆಗೆದುಬಿಟ್ಟೆ. ಹಳೆ ಬಾಗಿಲಿನ ಗಾಜು ಸಾಮಾನ್ಯವಾಗಿ ಬರೀ ಗಾಜು, ಒಡೆದರೆ ಚೂರಿಯಂಥ ತುಂಡಾಗುತ್ತದೆ. ಏಣಿ, ಗುದ್ದಲಿ ಆಡುವ ಜಾಗದಲ್ಲಿ ಅದು ಬೇಡ. ಅಲ್ಲಿ ಪಾಲಿಕಾರ್ಬೊನೇಟ್ ಹಾಳೆ ಹಾಕಿದೆ. ಬೆಳಕು ಅಷ್ಟೇ ಬರುತ್ತದೆ. ಬೀಗದ ಹಳೆ ತೂತುಗಳನ್ನು ಮುಚ್ಚಲು ಮರೆತಿದ್ದೆ, ಒಂದರಲ್ಲಿ ಕಣಜ ಗೂಡು ಕಟ್ಟಿತು. ಅಳತೆಗೆ ಮರದ ತುಂಡು ಕೊಯ್ದು ಅಂಟಿಸಿ.

ಮಾಡಿಗೆ ತಗಡು. ಮುಂದೆ ಎತ್ತರ, ಹಿಂದೆ 20 ಸೆಂಟಿಮೀಟರ್ ಇಳಿಜಾರು, ಸುತ್ತ 40 ಸೆಂಟಿಮೀಟರ್ ಹೊರಚಾಚು. ಆ ಹೊರಚಾಚನ್ನು ಯಾರು ಏನೇ ಹೇಳಿದರೂ ಕಡಿಮೆ ಮಾಡಬೇಡಿ. ಈ ಬಾಗಿಲುಗಳು ಹುಟ್ಟಿದ್ದು ಸೂರಿನ ಕೆಳಗೆ ಬದುಕಲಿಕ್ಕೆ. ಹಿಂದೆ ನೀರು ಹರಿದುಹೋಗುವ ದೋಣಿ ಹಾಕಿದ್ದರಿಂದ ಮಾಡಿನ ನೀರು ಬಾಗಿಲಿಗೆ ಎರಚುವುದಿಲ್ಲ. ಚಳಿಯ ಬೆಳಗ್ಗೆ ತಗಡಿನ ಒಳಗಡೆ ಬೆವರು ಹನಿಯುತ್ತಿತ್ತು. ಮೇಲಿನ ಜಾಲರಿಗೆ ಅಡ್ಡ ಇಟ್ಟಿದ್ದ ಚೀಲಗಳನ್ನು ತೆಗೆದ ಮೇಲೆ ಕಡಿಮೆಯಾಯಿತು.

ಗೆದ್ದಲು ಇದುವರೆಗೆ ಬಂದಿಲ್ಲ. ಬ್ಲಾಕ್ ಎತ್ತರ ಇರುವುದರಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಏರಿದರೆ ಕಣ್ಣಿಗೆ ಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಬಗ್ಗಿ ನೋಡುತ್ತೇನೆ. ಕೊಳ್ಳುವಾಗ ಬಾಗಿಲಲ್ಲಿ ಸೂಜಿ ತೂತುಗಳಿದ್ದರೆ ಬಡಿದು ನೋಡಿ. ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ಅಂಥದ್ದನ್ನು ಮನೆಗೆ ತರಬೇಡಿ.

ಕೆಲಸಕ್ಕೆ ನಮಗೆ ಏಳು ವಾರಾಂತ್ಯ ಹಿಡಿಯಿತು. ಅದರಲ್ಲಿ ನಾಲ್ಕು ಬರೀ ಬಾಗಿಲು ಹಸನು ಮಾಡುವುದಕ್ಕೆ. ಆತುರ ಇರುವವರಿಗೆ ತಗಡಿನ ಶೆಡ್ಡೇ ಸರಿ, ಒಂದು ದಿನದಲ್ಲಿ ನಿಲ್ಲುತ್ತದೆ. ಹತ್ತಿರದಲ್ಲಿ ಹಳೆ ಮನೆ ಕೆಡವುತ್ತಿದ್ದು, ಆರೇಳು ಪ್ಯಾನೆಲ್ ಬಾಗಿಲು ಒಂದೇ ಕಡೆ ಸಿಗುವಂತಿದ್ದರೆ ಮಾತ್ರ ಇದನ್ನು ಹಿಡಿಯಿರಿ. ಅಲ್ಲೊಂದು ಇಲ್ಲೊಂದು ಹುಡುಕಿ ತಂದರೆ ದಪ್ಪ, ಎತ್ತರ ಒಂದೂ ಹೊಂದುವುದಿಲ್ಲ.

ಕಳೆದ ಭಾನುವಾರ ಹೊಸದಾಗಿ ಹಾಕಿದ ಬಲಗಡೆಯ ಎರಡು ಬಾಗಿಲಿನ ಪಾದಕ್ಕೆ ಕೊನೆಯ ಕೋಟು ಬಣ್ಣ ಮುಗಿಸಿದೆ. ಅಡಿಗೆ ಬ್ರಷ್ ಹೋಗುವುದಿಲ್ಲವಲ್ಲ, ಹಾಗಾಗಿ ನೆಲದ ಮೇಲೆ ಒಂದು ಕನ್ನಡಿ ಇಟ್ಟು, ಅದರಲ್ಲಿ ನೋಡಿಕೊಂಡು, ಬಟ್ಟೆ ಸುತ್ತಿದ ಕಡ್ಡಿಯಿಂದ ಸವರಿದೆ. ಒಂದು ಮೂಲೆಯಲ್ಲಿ ಇನ್ನೂ ಬೆರಳಗಲ ಬರೀ ಮರ ಕಾಣುತ್ತಿತ್ತು. ಅದನ್ನೂ ಮುಚ್ಚಿದೆ.